ಹೆಸರು ಮರಳಿದರೆ ಮತ ಮರಳೀತೇ? ಬೀದರ್‌ನಿಂದ ಬಂದ ಎರಡು ಕ್ಷೇತ್ರಗಳು ಮತ್ತು ಬಿಆರ್‌ಎಸ್

ನನ್ನ ದನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ನಾನು ಮೊಗುಡಂಪಲ್ಲಿಯವನು. ನಮ್ಮ ಮುತ್ಯಾ ಒಂದು ಮಾತು ಹೇಳ್ತಿದ್ದರು: "ನಾವು ಕುಂತಲ್ಲೇ ಕುಂತೀವಿ, ಜಿಲ್ಲಾನೇ ಬದಲಾಗ್ಯಾವ." ಅದು ಬರೀ ಚಟಾಕಿಯಲ್ಲ, ಚರಿತ್ರೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್ ತಾಲೂಕು (ನಿರ್ಣಾ ಸರ್ಕಲ್ ಬಿಟ್ಟು) ಮತ್ತು ನಾರಾಯಣಖೇಡ್ ತಾಲೂಕು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಸೇರಿದವು. ಗುಲ್ಬರ್ಗಾದ ತಾಂಡೂರು, ಕೊಡಂಗಲ್ ಕೂಡ ಆಗಲೇ ಆಂಧ್ರದ ಪಾಲಾದವು. 2016ರಲ್ಲಿ ನಾವು ಸಂಗಾರೆಡ್ಡಿ ಜಿಲ್ಲೆಯವರಾದೆವು.

ಈಗ ವಿಷಯಕ್ಕೆ ಬರ್ತೀನಿ. 2001ರಲ್ಲಿ ಹುಟ್ಟಿದ ತೆಲಂಗಾಣ ರಾಷ್ಟ್ರ ಸಮಿತಿ 2022ರಲ್ಲಿ ಭಾರತ ರಾಷ್ಟ್ರ ಸಮಿತಿಯಾಯಿತು. 2018ರಲ್ಲಿ 88 ಶಾಸಕರಿದ್ದ ಪಕ್ಷ 2023ರಲ್ಲಿ 39ಕ್ಕೆ ಇಳಿಯಿತು. 2024ರ ಲೋಕಸಭೆಯಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ. ಹೆಸರಿನಿಂದ 'ತೆಲಂಗಾಣ' ತೆಗೆದದ್ದೇ ತಪ್ಪಾಯಿತು, ಹಳೆಯ ಭಾವನೆಗೆ ಮರಳಿದರೆ ಮತದಾರರೂ ಮರಳುತ್ತಾರೆ ಅನ್ನೋ ವಾದವಿದೆ. ನಮ್ಮ ಗಡಿಯ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ ಅನ್ನೋದು ನನ್ನ ಪ್ರಬಂಧದ ಹೇಳಿಕೆ.

2014ನ್ನು ನೋಡಿ. ಪ್ರತ್ಯೇಕ ರಾಜ್ಯದ ಭಾವನೆ ಉತ್ತುಂಗದಲ್ಲಿದ್ದ ವರ್ಷ ಅದು. ಜಹೀರಾಬಾದ್ ಲೋಕಸಭಾ ಕ್ಷೇತ್ರದ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಐದನ್ನು ಟಿಆರ್‌ಎಸ್ ಗೆದ್ದಿತು. ಸೋತ ಎರಡು ಯಾವುವು? ಜಹೀರಾಬಾದ್ ಮತ್ತು ನಾರಾಯಣಖೇಡ್, ಅಂದರೆ ಬೀದರ್‌ನಿಂದ ಬಂದ ಆ ಎರಡೇ. ಗೀತಾ ರೆಡ್ಡಿ, ಕಿಷ್ಟಾ ರೆಡ್ಡಿ ಅವರ ಸ್ವಂತ ವರ್ಚಸ್ಸೂ ಕಾರಣ, ಒಪ್ತೀನಿ. ಆದರೂ ಭಾವನೆಯ ಅಲೆ ಆ ವರ್ಚಸ್ಸನ್ನು ದಾಟಲಿಲ್ಲ ಅನ್ನೋದು ಉಳಿಯುತ್ತೆ.

ಹಾಗಾದರೆ ಪಕ್ಷ ಇಲ್ಲಿ ಬೇರೂರಿದ್ದು ಯಾವಾಗ? ಅಧಿಕಾರಕ್ಕೆ ಬಂದ ಮೇಲೆ. ಕಿಷ್ಟಾ ರೆಡ್ಡಿ ಅವರ ನಿಧನದ ನಂತರ 2016ರಲ್ಲಿ ನಾರಾಯಣಖೇಡ್ ಉಪಚುನಾವಣೆ ನಡೆದಾಗ ಕಾಂಗ್ರೆಸ್ಸಿನಿಂದ ಅವರ ಮಗನೇ ನಿಂತಿದ್ದರು. ಅನುಕಂಪ ಕೆಲಸ ಮಾಡಲಿಲ್ಲ; ಟಿಆರ್‌ಎಸ್ ಗೆದ್ದಿತು. 2018ರ ಮೇ ತಿಂಗಳಲ್ಲಿ ರೈತುಬಂಧು ಬಂತು, ಎಕರೆಗೆ ಹಂಗಾಮಿಗೆ 4,000 ರೂಪಾಯಿ. ಅದೇ ಡಿಸೆಂಬರ್‌ನಲ್ಲಿ ಎರಡೂ ಕ್ಷೇತ್ರ ಟಿಆರ್‌ಎಸ್ ಪಾಲಾದವು. ಹುಮನಾಬಾದ್ ಕಡೆಯ ನಮ್ಮ ಸೋದರಮಾವ ಆಗ "ನಿಮ್ಮ ಸರ್ಕಾರ ಛಲೋ ಅದ ನೋಡಪಾ" ಅಂದಿದ್ದು ನೆನಪಿದೆ. ಗಡಿಯ ಜನ ಎರಡು ಸರ್ಕಾರಗಳನ್ನು ಒಂದೇ ಬೀಗರ ಊಟದಲ್ಲಿ ಕೂತು ತೂಗುತ್ತಾರೆ.

ಆ ತಕ್ಕಡಿಯೇ 2023ರಲ್ಲಿ ಆಚೆ ವಾಲಿತು. ಜೂನ್‌ನಲ್ಲಿ ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಬಸ್ ಶುರುವಾಯಿತು. ಸೋದರತ್ತೆ ಅದರ ಸುದ್ದಿ ಹೇಳುವಾಗ ನಮ್ಮವ್ವ ಸುಮ್ಮನೆ ಕೇಳ್ತಿದ್ದಳು. ಇತ್ತ 2022ರ ಫೆಬ್ರವರಿಯಲ್ಲಿ ನಾರಾಯಣಖೇಡದಲ್ಲಿ ಅಡಿಗಲ್ಲು ಹಾಕಿದ ಸಂಗಮೇಶ್ವರ, ಬಸವೇಶ್ವರ ಏತ ನೀರಾವರಿ ಯೋಜನೆಗಳು 3.84 ಲಕ್ಷ ಎಕರೆಗೆ ನೀರಿನ ಭರವಸೆ ಕೊಟ್ಟಿದ್ದವು. ಚುನಾವಣೆ ಬಂತು, ನೀರು ಬರಲಿಲ್ಲ. ಬಸವಣ್ಣನ ಹೆಸರಿಟ್ಟರೆ ಹೊಲ ಹಸಿಯಾಗೋದಿಲ್ಲವಲ್ಲ. ರೈತುಬಂಧು ಪಟ್ಟಾ ಇದ್ದವರಿಗೆ ಸಿಕ್ಕಿತು, ಪಾಲಿಗೆ ಮಾಡುವವರಿಗೆ ಸಿಗಲಿಲ್ಲ. ನಾರಾಯಣಖೇಡ್ ಮತ್ತು ತಾಂಡೂರು ಕಾಂಗ್ರೆಸ್ಸಿಗೆ ಹೋದವು. ಜಹೀರಾಬಾದ್ ಮಾತ್ರ ಬಿಆರ್‌ಎಸ್ ಬಳಿ ಉಳಿಯಿತು. ಹೆಸರು ಬದಲಾದದ್ದೇ ಕಾರಣವಾಗಿದ್ದರೆ ಈ ವ್ಯತ್ಯಾಸ ಯಾಕೆ?

ಲೋಕಸಭೆಯ ಪಾಠ ಇನ್ನೂ ಕಟು. ಬಿ.ಬಿ. ಪಾಟೀಲ್ 2014ರಲ್ಲಿ ಲಕ್ಷ ದಾಟಿದ ಅಂತರದಿಂದ ಗೆದ್ದರು. 2019ರಲ್ಲಿ ಅಂತರ 6,229. ಆಗ ಪಕ್ಷದ ಹೆಸರಿನಲ್ಲಿ 'ತೆಲಂಗಾಣ' ಇನ್ನೂ ಇತ್ತು. 2024ರಲ್ಲಿ ಅವರು ಬಿಜೆಪಿಗೆ ಹೋದರು, ಕಾಂಗ್ರೆಸ್ಸಿನ ಸುರೇಶ್ ಶೆಟ್ಕರ್ ಗೆದ್ದರು, ಬಿಆರ್‌ಎಸ್ ಮೂರನೇ ಸ್ಥಾನಕ್ಕೆ ಬಿತ್ತು.

ಹಾಗಾಗಿ ಈ ಪಕ್ಷ ಇಲ್ಲಿ ಮತ ಮರಳಿ ಪಡೆಯಬೇಕಾದರೆ ಎರಡು ಕೆಲಸ ಕಾಣ್ತವೆ. ಒಂದು, ನೀರಾವರಿಯನ್ನೂ ಪಾಲಿನ ರೈತರನ್ನೂ ವಿರೋಧ ಪಕ್ಷವಾಗಿಯೇ ಕೈಗೆತ್ತಿಕೊಳ್ಳೋದು. ಎರಡು, ನಮ್ಮ ಭಾಷೆಯನ್ನು ನೋಡೋದು. 2018ರಲ್ಲಿ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ ಮಾಡಿದ ಕಾನೂನು ತಂದದ್ದು ಇದೇ ಪಕ್ಷದ ಸರ್ಕಾರ. ತೆಲುಗು ನಮಗೆ ಬೇಡವಲ್ಲ, ಸಂತೆಯಲ್ಲಿ ಅದೇ ಮಾತು. ಆದರೆ ಕನ್ನಡ ಓದುವ ಮಕ್ಕಳ ಬಗ್ಗೆ ಒಂದು ಮಾತು ಬೇಕಿತ್ತು. ಬರೀ ತೆಲಂಗಾಣದ ಭಾವನೆಗೆ ಮರಳಿದರೆ ವರಂಗಲ್‌ನಲ್ಲಿ ಚಪ್ಪಾಳೆ ಬಿದ್ದೀತು. ನಮ್ಮೂರ ಕಟ್ಟೆಯ ಮೇಲೆ ಮಾತ್ರ "ನಾವು ಆ ಹೆಸರಿನೊಳಗ ಇದ್ದೀವೇನು?" ಅಂತ ಮತ್ತೆ ಕೇಳ್ತಾರೆ.

ಇಷ್ಟು ಹೇಳಿ ಮುಗಿಸ್ತೀನಿ. ಪ್ರಶ್ನೆಗಳಿದ್ದರೆ ಕೇಳಿ.