ಕೇಳಿ ಕಲಿತ ವರ್ತಕ: ಬೀದರಿನ ಖ್ವಾಜಾ ಮಹಮೂದ್ ಗವಾನ್

ಮೆಹಕರ, ಭಾಲ್ಕಿ, ಔರಾದ್ ಕಡೆಯಿಂದ ಬೀದರಿಗೆ ಹೋಗುವ ನಮ್ಮವರಲ್ಲಿ ಗವಾನ್ ಮದರಸಾವನ್ನು ನೋಡದವರು ಕಡಿಮೆ. ಉಳಿದಿರುವ ಒಂದೇ ಮಿನಾರ್, ಅದರ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಬಣ್ಣದ ಬಿಲ್ಲೆಗಳು, ಹಿಂದೆ ಮೂರು ಅಂತಸ್ತಿನ ಕಟ್ಟಡ. ಇದನ್ನು ಕಟ್ಟಿಸಿದವರು ಸುಲ್ತಾನರಲ್ಲ, ವ್ಯಾಪಾರಕ್ಕೆಂದು ಹಡಗು ಹತ್ತಿ ಬಂದ ಒಬ್ಬ ವರ್ತಕರು ಎಂಬುದನ್ನು ನಾವು ಮಕ್ಕಳಿಗೆ ಹೇಳಬೇಕು. ಅಂಗಡಿ, ಮಂಡಿ, ಗ್ಯಾರೇಜು ನಡೆಸಿ ಬದುಕುವ ನಮ್ಮ ಮನೆಗಳಿಗೆ ಅವರ ಚರಿತ್ರೆಯಲ್ಲಿ ಪಾಠವಿದೆ.

ಖ್ವಾಜಾ ಮಹಮೂದ್ ಗವಾನರು ಹುಟ್ಟಿದ್ದು 1411ರ ಸುಮಾರಿಗೆ, ಇರಾನಿನ ಗೀಲಾನ್ ಪ್ರಾಂತದಲ್ಲಿ. 1453ರ ಹೊತ್ತಿಗೆ ಸರಕಿನೊಂದಿಗೆ ಕೊಂಕಣದ ದಾಭೋಲ್ ಬಂದರಿಗೆ ಬಂದಿಳಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಸರಕು ಮಾರಿ ಲಾಭ ಎಣಿಸಿಕೊಂಡು ಹಿಂದಿರುಗಬಹುದಿತ್ತು. ಆದರೆ ಬೀದರಿನಲ್ಲಿದ್ದ ಸೂಫಿ ಗುರು ಶಾ ಮುಹಿಬ್ಬುಲ್ಲಾ ಅವರನ್ನು ಕಾಣಬೇಕೆಂಬ ಹಂಬಲ ಅವರಿಗಿತ್ತು. ಹಾಗಾಗಿ ಘಟ್ಟ ಹತ್ತಿ ಈ ಕಡೆಗೆ ಬಂದರು. ನಲವತ್ತರ ನಂತರವೂ ಇನ್ನೊಬ್ಬರ ಮುಂದೆ ಶಿಷ್ಯನಾಗಿ ಕೂರಬಲ್ಲವನೇ ಹೊಸದನ್ನು ಕಲಿಯುತ್ತಾನೆ.

ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಅವರನ್ನು ಆಸ್ಥಾನದಲ್ಲಿ ಉಳಿಸಿಕೊಂಡರು. ಮುಂದೆ ಅವರಿಗೆ ‘ಮಲಿಕುತ್ತುಜ್ಜಾರ್’, ಅಂದರೆ ವರ್ತಕರ ಒಡೆಯ ಎಂಬ ಬಿರುದು ಬಂತು. ಕೊನೆಗೆ ಬಹಮನಿ ರಾಜ್ಯದ ಪ್ರಧಾನಿಯಾದರು. ಪದವಿ ಬಂದ ಮೇಲೂ ಕೇಳುವುದನ್ನು ಬಿಡಲಿಲ್ಲ. ದೂರದ ಹೆರಾತ್‌ನ ಕವಿ ಜಾಮಿಯವರಿಗೂ, ತುರ್ಕಿಯ ಸುಲ್ತಾನರಿಗೂ ಪತ್ರ ಬರೆದರು. ಅವರ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದಿದೆ. 1472ರಲ್ಲಿ ಮುಗಿದ ಮದರಸಾದಲ್ಲಿ ಆ ಕುತೂಹಲ ಕಣ್ಣಿಗೆ ಕಾಣುತ್ತದೆ. ಇರಾನ್ ಮತ್ತು ಮಧ್ಯ ಏಷ್ಯಾದ ಕಟ್ಟಡ ಕಲೆಯನ್ನು ದಖ್ಖನಿನ ನೆಲಕ್ಕೆ ತಂದರು. ಮಸೀದಿ, ಪಾಠದ ಕೋಣೆ, ವಿದ್ಯಾರ್ಥಿಗಳ ವಸತಿ ಒಂದೇ ಸೂರಿನಡಿ ಬಂದವು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಆಡಳಿತದಲ್ಲೂ ಹಳೆಯ ದಾರಿಗೆ ಜೋತುಬೀಳಲಿಲ್ಲ: ಜಮೀನು ಅಳೆಸಿದರು, 4 ಪ್ರಾಂತಗಳನ್ನು 8 ಮಾಡಿದರು.

ಇಷ್ಟೆಲ್ಲ ಇದ್ದವರ ಮನೆ ಹೇಗಿತ್ತು? ಇತಿಹಾಸಕಾರ ಫರಿಶ್ತಾ ಬರೆದಿರುವಂತೆ, ಊಟಕ್ಕೆ ಮಣ್ಣಿನ ಪಾತ್ರೆ, ಮಲಗಲು ಚಾಪೆ. ಊರಿನಿಂದ ತಂದ ಬಂಡವಾಳದ ಲಾಭದಲ್ಲೇ ಸ್ವಂತ ಖರ್ಚು. ಪದವಿಯಿಂದ ಬಂದದ್ದು ಸೈನ್ಯಕ್ಕೆ, ಬಡವರಿಗೆ. ತಾನು ದೊಡ್ಡವನೆಂಬ ಭಾವ ತುಂಬಿದ ಮನಸ್ಸಿಗೆ ಇನ್ನೊಬ್ಬರ ಮಾತು ಇಳಿಯುವುದಿಲ್ಲ. ಗವಾನರ ಮನಸ್ಸಿನಲ್ಲಿ ಆ ಜಾಗ ಖಾಲಿ ಇತ್ತು.

ಸಹಾಬಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರನ್ನೂ ಇಲ್ಲಿ ನೆನೆಯೋಣ. ಬರಿಗೈಯಲ್ಲಿ ಮದೀನಾಕ್ಕೆ ಬಂದಾಗ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಮಾರುಕಟ್ಟೆ ಎಲ್ಲಿದೆ ಎಂದಷ್ಟೇ ಕೇಳಿದರು. ತುಪ್ಪ, ಒಣಮೊಸರಿನ ಚಿಕ್ಕ ವ್ಯಾಪಾರಕ್ಕೆ ಮಕ್ಕಾದ ಆ ಅನುಭವಿ ವರ್ತಕ ನಾಚಲಿಲ್ಲ. ಅಲ್ಲಾಹನು ಬರ್ಕತ್ ಕೊಟ್ಟನು.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಗವಾನರ ಕಥೆಯೇ ಸಾಕ್ಷಿ. ಅಸೂಯೆಪಟ್ಟ ಅಮೀರರು ಅವರ ಮುದ್ರೆ ಬಿದ್ದ ಸುಳ್ಳು ಪತ್ರ ಸೃಷ್ಟಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದ ಆರೋಪ ಹೊರಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆಸುಪಾಸಿನ ಆ ಹಿರಿಯರ ತಲೆ ಉರುಳಿತು. ನಂತರ ಖಜಾನೆ ಹುಡುಕಿದರೆ ಹೇಳಿಕೊಳ್ಳುವಂಥ ಸಂಪತ್ತೇ ಸಿಗಲಿಲ್ಲ. ಸುಲ್ತಾನ ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡ. ಕ್ರಮೇಣ ಬಹಮನಿ ರಾಜ್ಯ ಒಡೆದು ಐದಾಯಿತು. ಸುದ್ದಿ ಬಂದಾಗ ಮೊದಲು ಪರಿಶೀಲಿಸಿ ಎಂಬುದು ಸೂರಃ ಅಲ್ ಹುಜುರಾತ್‌ನ ಆಜ್ಞೆ. ಅದನ್ನು ಮರೆತ ಒಂದು ಗಳಿಗೆಗೆ ತೆತ್ತ ಬೆಲೆ ಅದು.

ನಮ್ಮ ಅಂಗಡಿಗಳಲ್ಲಿ ಹೇಗಿದೆ? ಮೂವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ ಎಂದು ಅಬ್ಬಾಜಾನ್ ಹೇಳಿದರೆ ಮಗನ ಬಾಯಿ ಮುಚ್ಚಿತು. ಗಿರಾಕಿ ಯಾಕೆ ಎದುರಿನ ಅಂಗಡಿಗೆ ಹೋದ ಎಂದು ಕೆಲಸದ ಹುಡುಗನಿಗೆ ಗೊತ್ತು, ಆದರೆ ಅವನನ್ನು ಯಾರೂ ಕೇಳುವುದಿಲ್ಲ. ಬೀಜ ಮಾರುವವನು ತೊಗರಿ ಹೇಗೆ ಬಂತು ಎಂದು ರೈತನನ್ನು ವಿಚಾರಿಸುವುದಿಲ್ಲ. ಇತ್ತ ನಮ್ಮದೇ ಬಿದ್ರಿ ಕಲೆಯನ್ನು ನೋಡಿ. ಸತುವು–ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕೋಟೆಯ ಮಣ್ಣಿನಿಂದ ಬರುವ ಕಪ್ಪು ಬಣ್ಣ. ಶತಮಾನಗಳ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೂಜಿ, ಹುಕ್ಕಾ ಮಾಡುತ್ತಿದ್ದ ಅದೇ ಕೈಗಳು ಇಂದು ಪೆನ್ನು, ಕೀಚೈನು, ಆಭರಣಗಳನ್ನೂ ಮಾಡುತ್ತಿವೆ. ಕಸುಬು ಹಳೆಯದೇ; ಇಂದಿನ ಗಿರಾಕಿಗೆ ಏನು ಬೇಕೆಂದು ಕೇಳಿದ್ದರಿಂದ ಉಳಿದಿದೆ.

ಈ ವಾರ ಒಂದು ಕೆಲಸ ಮಾಡೋಣ. ಮಗನನ್ನು, ಮಗಳನ್ನು, ಕೆಲಸಗಾರನನ್ನು, ಗಿರಾಕಿಯನ್ನು ಒಂದೊಂದು ಪ್ರಶ್ನೆ ಕೇಳೋಣ; ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕದಿರೋಣ. ಜ್ಞಾನ ಹೆಚ್ಚಿಸು ಎಂದು ಬೇಡಿಕೊಳ್ಳಲು ಅಲ್ಲಾಹನು ತನ್ನ ಪ್ರವಾದಿ(ಸ)ಯವರಿಗೇ ಕಲಿಸಿದನು. ಹಾಗಿರುವಾಗ ಸಾಕಷ್ಟು ಕಲಿತಾಯಿತು ಎನ್ನಲು ನಾವು ಯಾರು?

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಹಲಾಲ್ ಬರ್ಕತ್ತನ್ನೂ, ನಮ್ಮ ಮನಸ್ಸಿನಲ್ಲಿ ವಿನಯವನ್ನೂ ಕರುಣಿಸಲಿ. ಆಮೀನ್.