ಮೊಬೈಲ್ ನೋಟರಿ, ಅಮೆರಿಕ: ಕಾನೂನು ಮತ್ತು ಆರ್ಥಿಕ ರಕ್ಷಣೆಯ ಇತಿಹಾಸ

ಗೃಹಸಾಲದ ಪತ್ರಗಳನ್ನು ಸಾಲಗಾರರ ಮನೆಗೋ ಕಚೇರಿಗೋ ಒಯ್ದು, ಗುರುತು ಪರಿಶೀಲಿಸಿ, ತಮ್ಮೆದುರಿಗೇ ಸಹಿ ಹಾಕಿಸಿ ದೃಢೀಕರಿಸುವ ಸ್ವತಂತ್ರ ನೋಟರಿಗಳನ್ನು ಅಮೆರಿಕದಲ್ಲಿ ಮೊಬೈಲ್ ನೋಟರಿ ಅಥವಾ ಸೈನಿಂಗ್ ಏಜೆಂಟ್ ಎನ್ನುತ್ತಾರೆ. ಭಾರತದಲ್ಲಿ 1952ರ ನೋಟರಿ ಕಾಯ್ದೆಯಡಿ ನೇಮಕವಾಗುವವರು ಸಾಮಾನ್ಯವಾಗಿ ಅನುಭವಿ ವಕೀಲರು. ಅಮೆರಿಕದಲ್ಲಿ ರಾಜ್ಯ ಸರ್ಕಾರಗಳು ನೇಮಿಸುವ ನೋಟರಿಗಳಲ್ಲಿ ಹೆಚ್ಚಿನವರು ವಕೀಲರಲ್ಲ. ಸಹಿ ದೃಢೀಕರಿಸುವಾಗ ಇವರು ಸಾರ್ವಜನಿಕ ಅಧಿಕಾರಿಗಳು, ಪತ್ರ ಒಯ್ದು ತರುವಾಗ ಖಾಸಗಿ ಗುತ್ತಿಗೆದಾರರು. ಈ ಎರಡು ಪಾತ್ರಗಳ ಹೊಣೆ ಬೇರೆ ಬೇರೆಯಾದ್ದರಿಂದ ರಕ್ಷಣೆಯ ಮಾರ್ಗಗಳೂ ಬೇರೆಯಾಗಿಯೇ ಬೆಳೆದವು.

ವೃತ್ತಿಯ ಬೆಳವಣಿಗೆ

ಸಾಲಪತ್ರಗಳ ಸಹಿ ಹಿಂದೆ ಹೆಚ್ಚಾಗಿ ಬ್ಯಾಂಕ್, ವ್ಯವಹಾರ ಮುಗಿಯುವವರೆಗೆ ಹಣ–ಪತ್ರ ಹಿಡಿದಿಡುವ ಎಸ್ಕ್ರೋ ಕಂಪನಿ ಅಥವಾ ಆಸ್ತಿಯ ಹಕ್ಕು ಪರಿಶೀಲಿಸುವ ಟೈಟಲ್ ಕಂಪನಿಯ ಕಚೇರಿಯಲ್ಲೇ ನಡೆಯುತ್ತಿತ್ತು. 2001–03ರಲ್ಲಿ ಬಡ್ಡಿದರ ಕುಸಿದಾಗ, ಹಳೆಯ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೊಸದನ್ನು ಪಡೆಯುವ ರಿಫೈನಾನ್ಸ್ ಅಲೆ ಎದ್ದಿತು. ಮನೆಬಾಗಿಲಿಗೆ ಬರುವ ನೋಟರಿಗಳಿಗೆ ಬೇಡಿಕೆ ಹೆಚ್ಚಿತು. ಕೆಲಸ ಹಂಚುವ ಮಧ್ಯವರ್ತಿ ಸೈನಿಂಗ್ ಕಂಪನಿಗಳೂ ಬೆಳೆದವು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ನೋಟರಿ ಅಸೋಸಿಯೇಷನ್ ಈ ವೃತ್ತಿಗೆ ತರಬೇತಿ ಮತ್ತು ಪ್ರಮಾಣಪತ್ರ ಒದಗಿಸಿತು.

ಬಾಂಡ್ ಮತ್ತು ವಿಮೆ

ಹಲವು ರಾಜ್ಯಗಳಲ್ಲಿ ನೋಟರಿಯಾಗಲು ಶ್ಯೂರಿಟಿ ಬಾಂಡ್ (ಜಾಮೀನು ಪತ್ರ) ಕಡ್ಡಾಯ. ಅದರ ಮೊತ್ತ ಕ್ಯಾಲಿಫೋರ್ನಿಯಾದಲ್ಲಿ 15,000 ಡಾಲರ್, ಫ್ಲಾರಿಡಾದಲ್ಲಿ 7,500 ಡಾಲರ್. ಆದರೆ ಈ ಬಾಂಡ್ ಕಾಯುವುದು ಜನರನ್ನು, ನೋಟರಿಯನ್ನಲ್ಲ. ನಷ್ಟಹೊಂದಿದವರಿಗೆ ಕೊಟ್ಟ ಹಣವನ್ನು ಬಾಂಡ್ ಕಂಪನಿ ನೋಟರಿಯಿಂದಲೇ ವಸೂಲಿ ಮಾಡಬಹುದು. ಈ ಕೊರತೆ ತುಂಬಲು ಬಂದದ್ದು ‘ಎರರ್ಸ್ ಅಂಡ್ ಒಮಿಷನ್ಸ್’ ವಿಮೆ. ಅರಿಯದೆ ಆದ ತಪ್ಪಿನ ಪರಿಹಾರವನ್ನೂ ವಕೀಲರ ಖರ್ಚನ್ನೂ ಪಾಲಿಸಿಯ ಮಿತಿಯೊಳಗೆ ಅದು ಭರಿಸುತ್ತದೆ. ಉದ್ದೇಶಪೂರ್ವಕ ವಂಚನೆಗೆ ಅನ್ವಯಿಸದು.

ದಾಖಲೆ ಪುಸ್ತಕ

ವಿವಾದ ಎದ್ದಾಗ ನೋಟರಿಯ ಮುಖ್ಯ ಸಾಕ್ಷ್ಯ ಅವರ ಜರ್ನಲ್. ಕ್ಯಾಲಿಫೋರ್ನಿಯಾದಲ್ಲಿ ದಿನಾಂಕ, ಸಮಯ, ಗುರುತಿನ ಆಧಾರ, ಸಹಿ, ಪಡೆದ ಶುಲ್ಕ ಎಲ್ಲವನ್ನೂ ಅನುಕ್ರಮವಾಗಿ ಬರೆದಿಡಬೇಕು. ಆಸ್ತಿ ಕ್ರಯಪತ್ರ ನಕಲಿ ಮಾಡುವ ಪ್ರಕರಣಗಳ ಹಿನ್ನೆಲೆಯಲ್ಲಿ 1990ರ ದಶಕದಲ್ಲಿ ಅಲ್ಲಿ ಆಸ್ತಿಪತ್ರಗಳಿಗೆ ಹೆಬ್ಬೆಟ್ಟಿನ ಗುರುತೂ ಕಡ್ಡಾಯವಾಯಿತು. ಅದನ್ನು ಪಡೆಯದಿದ್ದರೆ 2,500 ಡಾಲರ್‌ವರೆಗೆ ದಂಡ ಬೀಳಬಹುದು. ಜರ್ನಲ್ ಕಡ್ಡಾಯವಲ್ಲದ ರಾಜ್ಯಗಳಲ್ಲೂ ಅನೇಕರು ತಮ್ಮ ರಕ್ಷಣೆಗಾಗಿ ಅದನ್ನು ಇಟ್ಟುಕೊಳ್ಳುತ್ತಾರೆ.

ಅಧಿಕಾರದ ಗಡಿ

ವಕೀಲರಲ್ಲದ ನೋಟರಿ ಸಾಲದ ಷರತ್ತುಗಳ ಬಗ್ಗೆ ಸಲಹೆ ಕೊಟ್ಟರೆ ಅದು ಅನಧಿಕೃತ ವಕೀಲಿಕೆ. ಆದ್ದರಿಂದ ಇಂಥ ಪ್ರಶ್ನೆ ಬಂದಾಗ ಸಾಲ ಕೊಟ್ಟವರಿಗೇ ಫೋನ್ ಮಾಡಿಸುವುದು ವೃತ್ತಿಯ ರೂಢಿ. ಜಾರ್ಜಿಯಾ, ಸೌತ್ ಕ್ಯಾರೊಲಿನಾಗಳಲ್ಲಿ ಗೃಹಸಾಲದ ಅಂತಿಮ ಸಹಿ ಹಂತವಾದ ಕ್ಲೋಸಿಂಗ್‌ಗೆ ವಕೀಲರ ಮೇಲ್ವಿಚಾರಣೆ ಬೇಕು. ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅಂಥದೇ ನಿಲುವು ತಳೆಯಿತು. 1997ರಲ್ಲಿ ಮತದಾರರು ಒಪ್ಪಿದ ಟೆಕ್ಸಾಸ್ ಸಂವಿಧಾನದ ತಿದ್ದುಪಡಿಯಂತೆ, ಮನೆಯಲ್ಲಿನ ಒಡೆತನದ ಮೌಲ್ಯದ ಮೇಲೆ ಪಡೆಯುವ ಹೋಮ್ ಇಕ್ವಿಟಿ ಸಾಲದ ಸಹಿ ಸಾಲದಾತರ, ವಕೀಲರ ಅಥವಾ ಟೈಟಲ್ ಕಂಪನಿಯ ಕಚೇರಿಯಲ್ಲೇ ಆಗಬೇಕು. ಸಾಲಗಾರರ ಮನೆಯಲ್ಲಿ ಆಗುವಂತಿಲ್ಲ.

2008ರ ಗೃಹಸಾಲ ಬಿಕ್ಕಟ್ಟಿನ ನಂತರ

ಓದದೆ, ನೋಟರಿಯ ಎದುರು ಬಾರದೆ ಸಾವಿರಾರು ಮನೆ ಜಪ್ತಿ ಪತ್ರಗಳಿಗೆ ಸಹಿ ಬಿದ್ದ ‘ರೋಬೋ ಸೈನಿಂಗ್’ ಹಗರಣ 2010ರಲ್ಲಿ ಬಯಲಾಯಿತು. ಹೊರಗುತ್ತಿಗೆಯವರ ತಪ್ಪಿಗೂ ಬ್ಯಾಂಕುಗಳು ಹೊಣೆಯಾಗಬಹುದೆಂದು ಕೇಂದ್ರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2012ರಲ್ಲಿ ಎಚ್ಚರಿಸಿತು. ಆ ಬಳಿಕ ಹಿನ್ನೆಲೆ ತಪಾಸಣೆ, ವಿಮೆಯ ಪುರಾವೆ, ಗ್ರಾಹಕರ ಮಾಹಿತಿಯ ಗೋಪ್ಯತೆ ಸೈನಿಂಗ್ ಏಜೆಂಟರಿಗೆ ಕೆಲಸ ಸಿಗಲು ಬೇಕಾದ ಷರತ್ತುಗಳಾದವು.

ಸಂಭಾವನೆ ಮತ್ತು ತೆರಿಗೆ

ದೃಢೀಕರಣದ ಶುಲ್ಕಕ್ಕೆ ಬಹುತೇಕ ರಾಜ್ಯಗಳಲ್ಲಿ ಮಿತಿಯಿದೆ. ಕ್ಯಾಲಿಫೋರ್ನಿಯಾ 2017ರಲ್ಲಿ ಸಹಿಯೊಂದಕ್ಕೆ 10 ಡಾಲರ್ ಇದ್ದುದನ್ನು 15ಕ್ಕೆ ಏರಿಸಿತು. ಪ್ರಯಾಣ, ಮುದ್ರಣ, ಪತ್ರ ಸಾಗಣೆಯ ಸಂಭಾವನೆಯನ್ನು ಒಪ್ಪಂದದಲ್ಲಿ ನಿಗದಿ ಮಾಡಿಕೊಳ್ಳುತ್ತಾರೆ. ಮಧ್ಯವರ್ತಿ ಕಂಪನಿ ಹಣ ತಡಮಾಡಿದರೆ ಲಿಖಿತ ಆದೇಶ ಮತ್ತು ಬಿಲ್ಲುಗಳೇ ನೋಟರಿಗೆ ಆಧಾರ. ನೋಟರಿ ಶುಲ್ಕಕ್ಕೆ ಆದಾಯ ತೆರಿಗೆ ಇದ್ದರೂ ಸ್ವಉದ್ಯೋಗ ತೆರಿಗೆ ಇಲ್ಲ. ಉಳಿದ ಗಳಿಕೆಗೆ ಎರಡೂ ಅನ್ವಯಿಸುವುದರಿಂದ ಲೆಕ್ಕವನ್ನು ಬೇರೆಯಾಗಿಡಬೇಕಾಗುತ್ತದೆ.

ಆನ್‌ಲೈನ್ ದೃಢೀಕರಣ

ವೀಡಿಯೊ ಕರೆಯ ಮೂಲಕ ದೃಢೀಕರಣಕ್ಕೆ ಮೊದಲು ಅನುಮತಿ ಕೊಟ್ಟ ರಾಜ್ಯ ವರ್ಜಿನಿಯಾ; 2011ರಲ್ಲಿ ಅಂಗೀಕಾರವಾದ ಕಾನೂನು 2012ರಲ್ಲಿ ಜಾರಿಗೆ ಬಂತು. 2020ರ ಕೋವಿಡ್ ಕಾಲದಲ್ಲಿ ಇನ್ನಷ್ಟು ರಾಜ್ಯಗಳು ಇದನ್ನು ಅನುಸರಿಸಿದವು. ಇಂಥ ದೃಢೀಕರಣದಲ್ಲಿ ಜರ್ನಲ್ ಜೊತೆಗೆ ಧ್ವನಿ–ದೃಶ್ಯ ಮುದ್ರಿಕೆಯನ್ನೂ ವರ್ಷಗಟ್ಟಲೆ ಕಾಪಿಡಬೇಕಾಗಿದ್ದು, ಸಾಲಗಾರರು ಖುದ್ದು ಸಹಿ ಹಾಕಿದರೆಂಬುದಕ್ಕೆ ನೋಟರಿಯ ಕೈಯಲ್ಲಿ ಇನ್ನೊಂದು ಸಾಕ್ಷ್ಯ ಉಳಿಯುತ್ತದೆ.