ಉತ್ತರ ಬೇಡದ ಪತ್ರಗಳು

ತಾನು ಯಾರಿಗೂ ಬೇಡವಾದವನೆಂಬ ಭಾವನೆ ಬಲಿತಾಗ ಬದುಕೇ ಹೊರೆಯಾಗುತ್ತದೆ. ಕುಟುಂಬ ಹಾಗೂ ಸಮುದಾಯದ ಬಂಧ ಸಡಿಲವಾದಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿಯೇ ಅಂಕಿಅಂಶಗಳ ಆಧಾರದಿಂದ ವಾದಿಸಿದ್ದರು. ಆದರೆ ಸಡಿಲಗೊಂಡ ಬಂಧವನ್ನು ಹೊರಗಿನವರು ಮತ್ತೆ ಬೆಸೆಯಬಲ್ಲರೇ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮನೋವೈದ್ಯ ಜೆರೋಮ್ ಮೊಟ್ಟೊ.

ದ್ವಿತೀಯ ಮಹಾಯುದ್ಧದಲ್ಲಿ ಸೇನೆಯ ಟ್ರಕ್ ಚಾಲಕರಾಗಿದ್ದ ಅವರಿಗೆ ತಾಯ್ನಾಡಿನಿಂದ ಪರಿಚಯದ ತರುಣಿಯೊಬ್ಬಳ ಪತ್ರಗಳು ಬರುತ್ತಿದ್ದವು. ದೂರದಲ್ಲಿ ಯಾರೋ ತನ್ನನ್ನು ನೆನೆಯುತ್ತಿದ್ದಾರೆಂಬ ಅರಿವು ನೀಡಿದ ಬಲವನ್ನು ಅವರು ಮರೆಯಲಿಲ್ಲ. 1969ರಲ್ಲಿ ಅದನ್ನೇ ಪರೀಕ್ಷೆಗೆ ಒಡ್ಡಿದರು. ಖಿನ್ನತೆಯಿಂದಲೋ ಆತ್ಮಹತ್ಯೆಯ ಆಲೋಚನೆ, ಪ್ರಯತ್ನಗಳಿಂದಲೋ ಆಸ್ಪತ್ರೆ ಸೇರಿ, ಮನೆಗೆ ಮರಳಿದ ಬಳಿಕ ಚಿಕಿತ್ಸೆ ಮುಂದುವರಿಸದ 843 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಐದು ವರ್ಷಗಳ ಕಾಲ, ವರ್ಷಕ್ಕೆ ಕಡಿಮೆಯೆಂದರೆ ನಾಲ್ಕು ಬಾರಿ, ಕಿರುಪತ್ರಗಳು ಹೋದವು. ಇನ್ನೊಂದು ಗುಂಪಿಗೆ ಪತ್ರವಿಲ್ಲ.

ಆ ಪತ್ರಗಳಲ್ಲಿ ಉಪದೇಶವಿರಲಿಲ್ಲ. ಚಿಕಿತ್ಸೆಗೆ ಬನ್ನಿರೆಂಬ ಒತ್ತಾಯವೂ ಇರಲಿಲ್ಲ. ನೀವು ಕ್ಷೇಮವಾಗಿದ್ದೀರೆಂದು ನಂಬುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅವುಗಳ ತಾತ್ಪರ್ಯ. ಎಲ್ಲರಿಗೂ ಒಂದೇ ಅಚ್ಚಿನ ಪ್ರತಿಯಲ್ಲ, ಒಬ್ಬೊಬ್ಬರಿಗೂ ಬೇರೆಯಾಗಿ ಬೆರಳಚ್ಚು ಮಾಡಿದವು. ಯಾರಾದರೂ ಉತ್ತರಿಸಿದ್ದರೆ ಮುಂದಿನ ಪತ್ರದಲ್ಲಿ ಅದಕ್ಕೆ ಮಾರುತ್ತರವಿರುತ್ತಿತ್ತು.

ಅಂತಿಮ ವರದಿ 2001ರಲ್ಲಿ ಪ್ರಕಟವಾಯಿತು. ಆ ಐದು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಿ ಈ ಅಂತರ ಸ್ಪಷ್ಟವಾಗಿತ್ತು. ಪತ್ರಗಳು ನಿಂತು ಕಾಲ ಸಂದಂತೆ ಅಂತರ ಕುಗ್ಗಿ, ಹದಿನಾಲ್ಕನೆಯ ವರ್ಷಕ್ಕೆ ಇಲ್ಲವಾಯಿತು. ಬೇರೆಡೆ ನಡೆದ ಇಂಥ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಪತ್ರವು ವೈದ್ಯರಿಗಾಗಲಿ ಔಷಧಕ್ಕಾಗಲಿ ಬದಲಿಯೂ ಅಲ್ಲ.

ಆದರೂ ಇದರಲ್ಲಿ ನಮಗೊಂದು ಪಾಠವಿದೆ. ನೊಂದವರ ಮನೆಗೆ ಹೋದಾಗ ಗುರುಗಳಾದ ನಾವೂ ಸೇರಿದಂತೆ ಎಲ್ಲರೂ ಬುದ್ಧಿ ಹೇಳಲು ತವಕಿಸುತ್ತೇವೆ. ಆಸ್ಪತ್ರೆಯಿಂದ ಬಂದ ಮೊದಲ ವಾರ ಮನೆತುಂಬ ನೆಂಟರಿಷ್ಟರು. ಆರು ತಿಂಗಳ ಮೇಲೆ ಅಂಗಳದಲ್ಲಿ ಯಾರೂ ಇಲ್ಲ. ಚೇತರಿಸಿಕೊಂಡಿರಬೇಕೆಂದು ನಾವೇ ಊಹಿಸಿಬಿಡುತ್ತೇವೆ. ಜೀವಕ್ಕೆ ಬೇಕಾದುದು ಒಮ್ಮೆ ಉಕ್ಕಿ ಇಂಗಿಹೋಗುವ ಕನಿಕರವಲ್ಲ, ಪ್ರತಿಫಲ ಬಯಸದೆ ಮತ್ತೆ ಮತ್ತೆ ಬರುವ ನೆನಪು.

ಪ್ರಿಯ ಓದುಗರೇ, ನಿಮ್ಮ ಮನದಲ್ಲಿಯೇ ಸಾವಿನ ಯೋಚನೆ ಸುಳಿಯುತ್ತಿದ್ದರೆ ಆಪ್ತರೊಬ್ಬರಿಗೆ ತಿಳಿಸಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಇದನ್ನು ಓದುವಾಗ ಬಹುಕಾಲದಿಂದ ಕಾಣದ ಯಾರದಾದರೂ ಮುಖ ನೆನಪಾಗಿದ್ದರೆ ಇಂದೇ ಎರಡು ಸಾಲು ಬರೆಯಿರಿ. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ಮತ್ತೆ ಬರೆಯಿರಿ.